ನೂರ ಹದಿನೇಳನೆಯ ತೊಟ್ಟಿಲು

ಯಾವ ತೊಟ್ಟಿಲಿನಿಂದಲೂ ಎಚ್ಚರಿಕೆಯ ಗಂಟೆ ಬಾರದ ದಿನವನ್ನು ನಮ್ಮ ಕಂಟ್ರೋಲ್ ರೂಮಿನಲ್ಲಿ ಹಸಿರು ದಿನ ಎನ್ನುತ್ತಿದ್ದೆವು. ಹಸಿರು ದಿನವಾದರೆ ಸಂಜೆ ನಾಲ್ಕಕ್ಕೆ ಮದ್ದೂರು ವಡೆ ತರಿಸುವ ಪದ್ಧತಿ. ಮೊದಮೊದಲು ವರ್ಷಕ್ಕೆ ಒಂದು ಹಸಿರು ದಿನ ಸಿಕ್ಕರೆ ಹೆಚ್ಚು. ಆಮೇಲೆ ನಾನೊಂದು ಚಿಕ್ಕ ತಿದ್ದುಪಡಿ ಮಾಡಿದೆ. ಅಲ್ಲಿಂದ ಮುಂದೆ ಹೆಚ್ಚುಕಡಿಮೆ ದಿನಾ ಹಸಿರೇ. ಮೂರು ವರ್ಷ ವಡೆ ತಿಂದು ತಿಂದು ನನಗೂ ನನ್ನ ಜೊತೆಯ ಇಬ್ಬರು ಹುಡುಗಿಯರಿಗೂ ಅದರ ವಾಸನೆ ಕಂಡರಾಗದಂತಾಯಿತು. ಆದರೂ ತರಿಸುವುದನ್ನು ಬಿಡಲಿಲ್ಲ. ಆ ತಿದ್ದುಪಡಿ ಏನೆಂದು ಆಮೇಲೆ ಹೇಳುತ್ತೇನೆ. ಮೊದಲ ಪುಟದಲ್ಲೇ ಹೇಳಲು ನಾಚಿಕೆ.

ನನ್ನ ಹೆಸರು ಹರ್ಷಿತಾ. ಹರ್ಷ ಹೆಸರಿನಲ್ಲಷ್ಟೇ ಉಳಿದಿದೆ. ವಯಸ್ಸು ಐವತ್ತಾರು, ಎರಡೂ ಮಂಡಿ ನೋವು. ಶಿಂಷಾ ಹೊಳೆಯ ಆಚೆಗಿರುವ ಬಟ್ಟೆ ಕಾರ್ಖಾನೆಯಲ್ಲಿ ಎರಡು ಸಾವಿರ ಹೆಂಗಸರು ಶರಟು ಹೊಲಿಯುತ್ತಾರೆ. ಅವರ ಕೂಸುಗಳನ್ನು ಇಡಲು ಪಕ್ಕದಲ್ಲೇ ಒಂದು ತಣ್ಣನೆಯ ಹಾಲ್ ಕಟ್ಟಿದ್ದಾರೆ. ಅದರಲ್ಲಿ ಮುನ್ನೂರ ನಲವತ್ತು ನೆಮ್ಮದಿ ತೊಟ್ಟಿಲುಗಳಿವೆ. ಹಾಲಿನ ಮೇಲಿರುವ ಗಾಜಿನ ಕೋಣೆಯಲ್ಲಿ ಕುಳಿತು, ಆ ಮುನ್ನೂರ ನಲವತ್ತೂ ಹಸಿರಾಗಿವೆಯೇ ಎಂದು ಪರದೆಯಲ್ಲಿ ನೋಡುವುದು ನನ್ನ ಕೆಲಸವಾಗಿತ್ತು.

ನೆಮ್ಮದಿ ತೊಟ್ಟಿಲೆಂದರೆ ಹಗ್ಗ ಕಟ್ಟಿ ತೂಗುವ ತೊಟ್ಟಿಲಲ್ಲ. ದೊಡ್ಡ ಬಿಳಿ ಬೋಗುಣಿ, ಅದರ ತುಂಬ ತೆಳ್ಳನೆಯ ಹಾಳೆ ಹೊದೆಸಿದ ಜೆಲ್. ಮಗುವಿನ ಮೈ ಎಷ್ಟು ಬೆಚ್ಚಗಿರುತ್ತದೋ ಜೆಲ್ಲೂ ಅಷ್ಟೇ ಬೆಚ್ಚಗೆ. ಮಗು ಎಲ್ಲಿ ಒತ್ತಿದರೆ ಅಲ್ಲಿ ಅದು ಜಾಗ ಬಿಡುತ್ತದೆ. ಬೆನ್ನಿಗೆ ಏನೂ ಒತ್ತುವುದಿಲ್ಲ, ಹಿಮ್ಮಡಿಗೆ ಏನೂ ತಾಗುವುದಿಲ್ಲ. ಹಸಿವಾಗುವ ಮೊದಲೇ ಹಾಲಿನ ನಳಿಕೆ ಬಾಯಿಗೆ ಬರುತ್ತದೆ, ಒದ್ದೆಯಾದದ್ದು ಗೊತ್ತಾಗುವ ಮೊದಲೇ ಒಣಗಿರುತ್ತದೆ. ತಲೆಯ ಬಲಗಡೆಯ ಸ್ಪೀಕರ್ ಅವರವರ ಅಮ್ಮನ ಧ್ವನಿಯಲ್ಲೇ ದಿನಕ್ಕೆ ಹದಿನೆಂಟು ಸಾವಿರ ಪದ ಹೇಳುತ್ತದೆ. ಎದೆಯ ಮೇಲೆ ನಾಣ್ಯದಗಲದ ಒಂದು ಪಟ್ಟಿ ಅಂಟಿಸಿರುತ್ತದೆ. ಉಸಿರು, ಎದೆಬಡಿತ ಎಲ್ಲವನ್ನೂ ನಮಗೆ ಕಳಿಸುವುದು ಅದೇ. ಪಟ್ಟಿ ಕಿತ್ತುಬಂದರೆ ಮೇಲೆ ನಮ್ಮ ಕೋಣೆಯಲ್ಲಿ ಗಂಟೆ ಹೊಡೆಯುತ್ತದೆ, ಕೆಳಗೆ ತಾಯಿಯ ಮಣಿಕಟ್ಟಿನ ಬ್ಯಾಂಡ್ ಗುಂಯ್ಗುಡುತ್ತದೆ. ಅವಳು ಮಿಷನ್ ಬಿಟ್ಟು ಓಡಿಬರುತ್ತಾಳೆ, ಅವಳ ಜೊತೆ ಹೊಲಿಯುವ ಇಡೀ ಲೈನ್ ನಿಲ್ಲುತ್ತದೆ.

ಮನೆಗೂ ಇಂಥದ್ದೇ ಒಂದು ಸಣ್ಣ ತೊಟ್ಟಿಲು ಕೊಟ್ಟಿದ್ದರು. ಕಾರ್ಖಾನೆಯ ತೊಟ್ಟಿಲು ಹೇಗೆ ನಡೆಯುತ್ತದೋ ಅದೂ ಹಾಗೇ. ಕೆಲಸ ಮುಗಿಸಿ ಬಂದ ತಾಯಂದಿರು ನಿದ್ದೆ ಮಾಡಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಕೊಟ್ಟದ್ದು. ಹನ್ನೊಂದು ತಾಸು ಹೊಲಿದು ಬಂದವಳಿಗೆ ಮಗು ಅಳದೆ ಮಲಗಿದರೆ ಅದಕ್ಕಿಂತ ದೊಡ್ಡ ವರ ಇನ್ನೇನಿದೆ? ನನ್ನ ಮಗಳು ಇಂಚರಳೂ ಅದೇ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಾಳೆ. ಅಳಿಯ ಲಾರಿಯ ಜೊತೆ ವಾರಗಟ್ಟಲೆ ಹೊರಗಿರುತ್ತಾನೆ. ಅವಳ ಮಗಳಿಗೆ ಲಾವಂಚ ಎಂದು ಹೆಸರಿಟ್ಟಿದ್ದಾಳೆ. ನೀರಿಗೆ ಹಾಕುವ ಬೇರಿನ ಹೆಸರನ್ನು ಮಗುವಿಗೆ ಯಾರಾದರೂ ಇಡುತ್ತಾರೆಯೇ ಎಂದು ನಾನು ಜಗಳವಾಡಿದ್ದೆ. ಈಗ ನಾನೇ ಅದನ್ನು ಲಾಚು ಎಂದು ಮೊಟಕು ಮಾಡಿ ಕೂಗುತ್ತೇನೆ. ಮೂರು ತಿಂಗಳು ತುಂಬಿದ ಮಾರನೆಯ ದಿನದಿಂದ ಲಾಚು ನೂರ ಹದಿನೇಳನೆಯ ತೊಟ್ಟಿಲಿನಲ್ಲಿ ಮಲಗುತ್ತಿದ್ದಳು.

ಲಾಚುಗೆ ಹನ್ನೊಂದು ತಿಂಗಳಾಗಿದ್ದಾಗ ಜೆಲ್ ಬದಲಾಯಿಸಲೆಂದು ತೊಟ್ಟಿಲುಗಳ ಹಾಲನ್ನು ಎರಡು ದಿನ ಮುಚ್ಚಿದರು. ಮನೆಗಳ ತೊಟ್ಟಿಲನ್ನೂ ಅದೇ ಕಾರಣಕ್ಕೆ ಎತ್ತಿಕೊಂಡು ಹೋದರು. ಹೊಲಿಗೆಗೆ ರಜೆ ಇಲ್ಲ, ನನಗೆ ಇತ್ತು. ಮಗುವನ್ನು ಇಡೀ ದಿನ ಹೇಗೆ ನೋಡಿಕೊಳ್ಳುವುದೆಂದೇ ತೋಚದೆ ಹೊಂಬಾಳಜ್ಜಿಗೆ ಹೇಳಿಕಳಿಸಿದೆ. ನಮ್ಮ ಕಾಲೊನಿಯ ಕೂಸುಗಳಿಗೆಲ್ಲ ಎಣ್ಣೆನೀರು ಹಾಕುವವಳು ಹೊಂಬಾಳಮ್ಮ. ಹೆರಿಗೆಯಾದ ಹತ್ತನೇ ದಿನದಿಂದ ಮೂರು ತಿಂಗಳವರೆಗೆ ಹಾಕುತ್ತಾಳೆ. ಆಮೇಲೆ ಮಕ್ಕಳು ಬೆಳಗಿನ ವ್ಯಾನ್ ಹತ್ತುತ್ತವೆ, ಅವಳಿಗೆ ಮತ್ತೆ ಕಾಣುವುದಿಲ್ಲ.

ಅಜ್ಜಿ ಬಚ್ಚಲ ಕಲ್ಲಿನ ಮೇಲೆ ಕಾಲು ನೀಡಿ ಕುಳಿತು, ಲಾಚುವನ್ನು ಕಣಕಾಲುಗಳ ಮೇಲೆ ಮಲಗಿಸಿಕೊಂಡು ಹರಳೆಣ್ಣೆ ಹಚ್ಚಿದಳು. ಅವಳ ಕೈ ಮುಟ್ಟಿದ್ದೇ ತಡ ಲಾಚು ಕಿಟಾರನೆ ಕಿರುಚಿದಳು. ಮೈ ಸೆಟೆಸಿಕೊಂಡಳು. ಆದರೆ ಒದೆಯಲಿಲ್ಲ, ಅಜ್ಜಿಯ ಕೈಯನ್ನು ಹಿಡಿಯಲಿಲ್ಲ, ತಪ್ಪಿಸಿಕೊಳ್ಳಲು ತಿರುಗಲಿಲ್ಲ.

"ಉಸಾರಿಲ್ವೇನವ್ವ ಮಗೀಗೆ?" ಎಂದಳು ಅಜ್ಜಿ.

"ಚೆನ್ನಾಗವ್ಳೆ ಕಣಜ್ಜಿ. ತೂಕ, ಎತ್ತರ ಎಲ್ಲ ಸರಿಯಾಗೈತೆ. ಹನ್ನೊಂದು ತಿಂಗ್ಳಿಗೇ ಅರವತ್ತು ಪದ ಮಾತಾಡ್ತಾಳೆ. ನೋಡು ಬೇಕಾದ್ರೆ. ಲಾಚು, ಇದೇನು ಹೇಳು?" ಎಂದು ಚೊಂಬು ತೋರಿಸಿದೆ.

ಲಾಚು ಅಳು ನಿಲ್ಲಿಸಿ, "ನೀರು" ಎಂದಳು. ಅಕ್ಷರ ಒಡೆದು ಹೇಳಿದ ಹಾಗೆ ಸ್ಪಷ್ಟವಾಗಿ. ನನಗೆ ಹೆಮ್ಮೆಯಾಯಿತು. ಆದರೆ ಅವಳು ಚೊಂಬನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಬಲಗಡೆಯ ಗೋಡೆ ನೋಡಿಕೊಂಡು ಹೇಳಿದಳು. ತೊಟ್ಟಿಲಿನಲ್ಲಿ ಸ್ಪೀಕರ್ ಇರುವುದು ಆ ಕಡೆಗೆ.

ಅಜ್ಜಿ ಒಂದು ಬೊಗಸೆ ಬೆಚ್ಚನೆಯ ನೀರನ್ನು ಮಗುವಿನ ಎಡಗಾಲಿನ ಮೇಲೆ ಸುರಿದಳು. ಲಾಚು ಬೆಚ್ಚಿದಳು. ಕಣ್ಣು ಅತ್ತ ಇತ್ತ ಓಡಿದವು, ಸೂರಿನ ಕಡೆ, ಬಾಗಿಲ ಕಡೆ. ಕಾಲಿನ ಕಡೆ ಮಾತ್ರ ಬರಲಿಲ್ಲ. ಅಜ್ಜಿ ಇನ್ನೊಂದು ಬೊಗಸೆ ಸುರಿದಳು. ಮತ್ತೆ ಅದೇ.

"ಏನೋ ಬಿತ್ತು ಅಂತ ಗೊತ್ತಾಯ್ತದೆ ಕನವ್ವ. ಎಲ್ ಬಿತ್ತು ಅಂತ ಗೊತ್ತಾಗಕಿಲ್ಲ. ಈ ಮಗೀಗೆ ಅದ್ರ ಮೈಯೇ ಇನ್ನೂ ಗುರ್ತಾಗಿಲ್ಲ. ಬೋರ್ಲು ಬಿದ್ದದಾ?"

"ಇಲ್ಲ."

"ಹನ್ನೊಂದು ತಿಂಗ್ಳು ಆದ್ರೂವಾ?"

ಈಗಿನ ಮಕ್ಕಳು ನಿಧಾನ, ಡಾಕ್ಟರೇ ಹೇಳಿದ್ದಾರೆ, ಎಂದು ಏನೋ ತೊದಲಿದೆ. ನಮ್ಮ ಡಾಕ್ಟರು ಹಾಗೆ ಹೇಳಿರಲಿಲ್ಲ. ನಾವು ಕೇಳಿಯೇ ಇರಲಿಲ್ಲ.

ಒರಟು ಟವೆಲಿನಿಂದ ಮಗುವನ್ನು ಒರೆಸಿ, ಚಾಪೆಯ ಮೇಲೆ ಮಲಗಿಸಿದಳು ಅಜ್ಜಿ. ಲಾಚು ಮುಳ್ಳಿನ ಮೇಲೆ ಮಲಗಿಸಿದಂತೆ ಅತ್ತಳು. ಭಾನುವಾರಗಳಲ್ಲೂ ಹೀಗೇ ಆಗುತ್ತಿತ್ತು. ಚಾಪೆಯ ಮೇಲೆ ಬಿಟ್ಟರೆ ಅಳುತ್ತಾಳೆಂದು ನಾವು ಮತ್ತೆ ತೊಟ್ಟಿಲಿಗೇ ಹಾಕುತ್ತಿದ್ದೆವು. ಒಗೆಯುವ ಬಟ್ಟೆ, ಮಾಡುವ ಅಡುಗೆ ಎಲ್ಲ ಹಾಗೇ ಬಿದ್ದಿರುತ್ತಿತ್ತು.

ಅಜ್ಜಿ ಕಾಫಿ ಕುಡಿಯುತ್ತ ಹೇಳಿದಳು, "ನಂಗೆ ಒಂದು ಅನುಮಾನ ಇತ್ತು ಕನವ್ವ, ಯಾರ್ ತಾವ ಏಳದು ಅಂತ ಸುಮ್ಕಿದ್ದೆ. ಕೂಸು ಬೋರ್ಲು ಬಿದ್ದ ದಿವ್ಸ ಆ ಮನೇಲಿ ಅಕ್ಕಿ ನೆನ್ಯಾಕಿ ಕಡ್ಬು ಬೇಯ್ಸಿ, ಎಣ್ಣೆನೀರ್ ಆಕ್ದೋಳ್ಗೆ ಮೊದ್ಲು ತಂದ್ಕೊಡ್ಬೇಕು. ನಮ್ಮವ್ವನ ಕಾಲ್ದಿಂದ ಬಂದದ್ದು. ವರ್ಸಕ್ಕೆ ಇಪ್ಪತ್ತು ಮನೆ ಕಡ್ಬು ತಿಂತಿದ್ದೆ. ಈಗ ಮೂರು ವರ್ಸ ಆಯ್ತು, ಒಬ್ರೂ ಒಂದ್ ಕಡ್ಬು ತಂದ್ಕೊಟ್ಟಿಲ್ಲ. ಎಲ್ರೂ ವ್ಯಾನ್ ಅತ್ತೋ ಆತುರ್ದಲ್ಲಿ ಪದ್ಧತಿ ಮರ್ತವ್ರೆ ಅನ್ಕೊಂಡೆ. ಅದಲ್ಲ ಅಂತ ಈಗ್ ಕಾಣ್ತದೆ."

ಮೂರು ವರ್ಷ. ನಾವು ವಡೆ ತಿನ್ನತೊಡಗಿಯೂ ಮೂರೇ ವರ್ಷ.

ಹಾಲ್ ತೆರೆದ ದಿನ ಬೆಳಿಗ್ಗೆ ಲಾಚುವನ್ನು ಹೊಸ ಜೆಲ್ಲಿನಲ್ಲಿ ಮಲಗಿಸಿ ಮೇಲೆ ಹೋದೆ. ಎರಡು ದಿನ ಅತ್ತು ಸುಸ್ತಾಗಿದ್ದ ಮಗು ತೊಟ್ಟಿಲು ಸೇರಿದ ಕೂಡಲೇ ಕಣ್ಣು ಮುಚ್ಚಿತು. ಜೊತೆಯ ಹುಡುಗಿಯರು ತಿಂಡಿಗೆ ಹೋದಾಗ ನೂರ ಹದಿನೇಳರ ಹಳೆಯ ದಾಖಲೆ ತೆರೆದೆ. ನಾವು ಹಸಿರು-ಕೆಂಪು ಬಿಟ್ಟು ಬೇರೆ ಏನನ್ನೂ ನೋಡುತ್ತಿರಲಿಲ್ಲ. ಅದರ ಹಿಂದೆ ತೊಟ್ಟಿಲು ಎಲ್ಲವನ್ನೂ ಬರೆದಿಡುತ್ತಿತ್ತು.

ಈಗ ಆ ತಿದ್ದುಪಡಿಯ ಮಾತು ಹೇಳಿಬಿಡುತ್ತೇನೆ.

ಐದು ತಿಂಗಳ ಮಗು ಬೋರಲು ಬೀಳುತ್ತದೆ. ಬಿದ್ದರೆ ಎದೆಯ ಪಟ್ಟಿ ಹಾಳೆಗೆ ಉಜ್ಜಿ ಕಿತ್ತುಬರುತ್ತದೆ. ಹಾಲ್ ಶುರುವಾದ ಕಾಲದಲ್ಲಿ ದಿನಕ್ಕೆ ಅರವತ್ತು ಸಲ, ಎಪ್ಪತ್ತು ಸಲ ಗಂಟೆ ಹೊಡೆಯುತ್ತಿತ್ತು. ಲೈನ್‌ಗಳು ನಿಲ್ಲುತ್ತಿದ್ದವು, ಬೈಗುಳ ನನಗೆ ಬೀಳುತ್ತಿತ್ತು. ಮಲಗಿದ ಮಗು ಉಸಿರುಗಟ್ಟದೆ ಅಂಗಾತವೇ ಇರಲಿ ಎಂದು ತೊಟ್ಟಿಲಿನಲ್ಲಿ ಒಂದು ಏರ್ಪಾಟು ಮಾಡಿದ್ದರು. ಮಗು ಮಗ್ಗುಲಾಗಲು ಹೊರಟರೆ ಜೆಲ್ ಆ ಕಡೆ ಉಬ್ಬಿ, ಮೆಲ್ಲಗೆ ಹಿಂದಕ್ಕೆ ತಿರುಗಿಸುತ್ತದೆ. ಅದನ್ನು ಚಾಲೂ ಮಾಡುವ ಅರ್ಜಿಯಲ್ಲಿ ಎರಡು ಚೌಕ ಇದ್ದವು. ಒಂದು ನಿದ್ದೆಯಲ್ಲಿ ಮಾತ್ರ, ಇನ್ನೊಂದು ಸದಾ. ನಿದ್ದೆಯಲ್ಲಿ ಮಾತ್ರ ಎಂದು ಗುರುತು ಹಾಕಿದರೆ ಪ್ರತಿ ಮಗುವಿನ ನಿದ್ದೆ-ಎಚ್ಚರವನ್ನು ವಾರಕ್ಕೊಮ್ಮೆ ಪರಿಶೀಲಿಸಿ ಸಹಿ ಮಾಡಬೇಕು, ಮುನ್ನೂರ ನಲವತ್ತು ಸಹಿ. ನನಗೆ ಆ ದಿನ ತಲೆನೋವು. ಸದಾ ಎಂಬ ಚೌಕಕ್ಕೆ ಗುರುತು ಹಾಕಿ ಮನೆಗೆ ಹೋದೆ. ವಾರದೊಳಗೆ ಗಂಟೆಗಳು ನಿಂತವು. ಮ್ಯಾನೇಜರ್ ಶಾಲು ಹೊದೆಸಿದರು.

ಪರದೆಯ ಮೇಲೆ ಲಾಚುವಿನ ಐದನೆಯ ತಿಂಗಳಿತ್ತು. ಮಗು ಮಗ್ಗುಲಾಗಲು ಯತ್ನಿಸಿದ್ದು, ಮೊದಲ ದಿನ ಮೂವತ್ತೊಂದು ಸಲ. ಎರಡನೆಯ ದಿನ ಮೂವತ್ನಾಲ್ಕು. ಆಮೇಲೆ ಇಪ್ಪತ್ತೆಂಟು, ಇಪ್ಪತ್ತು, ಹದಿನೈದು. ಮುಂದಿನ ಹತ್ತು ದಿನ ಒಂಬತ್ತು, ಹತ್ತರ ಆಸುಪಾಸು. ಮತ್ತೆ ನಾಲ್ಕು, ಎರಡು, ಎರಡು, ಒಂದು. ಇಪ್ಪತ್ತನೆಯ ದಿನ ಸೊನ್ನೆ. ಅಲ್ಲಿಂದ ಈವರೆಗೆ ಪ್ರತಿದಿನ ಸೊನ್ನೆ.

ಹತ್ತೊಂಬತ್ತು ದಿನ ನನ್ನ ಮೊಮ್ಮಗಳು ಲೋಕ ನೋಡಲು ಹೊರಟಿದ್ದಳು. ಪ್ರತಿ ಸಲವೂ ಏನೋ ಮೆತ್ತಗಿನದು ಬಂದು ಅವಳನ್ನು ಹಿಂದಕ್ಕೆ ಮಲಗಿಸಿತು. ನಾನು ಅವಳ ನೆತ್ತಿಯ ಮೇಲೆಯೇ, ಗಾಜಿನ ಆಚೆ ಕುಳಿತು, ವಡೆಗೆ ಚಟ್ನಿ ಸಾಲದೆಂದು ಗೊಣಗುತ್ತಿದ್ದೆ. ಆ ದಿನ ನನಗೆ ಅಳುವೂ ಬರಲಿಲ್ಲ.

ಮಗು ಉರುಳದಿದ್ದರೆ ಏನಾಗುತ್ತದೆಂದು ಅದೇ ಪರದೆಯಲ್ಲಿ ಹುಡುಕಿ ಓದಿಕೊಂಡೆ. ಮಧ್ಯಾಹ್ನವೆಲ್ಲ ಅದೇ ಕೆಲಸ. ನಮ್ಮ ಕಿವಿಯೊಳಗೆ ಬಳೆಯ ಹಾಗೆ ಬಾಗಿದ ಮೂರು ಸಣ್ಣ ಕೊಳವೆಗಳಿವೆಯಂತೆ, ಅವುಗಳಲ್ಲಿ ನೀರು. ತಲೆ ತಿರುಗಿದಾಗ ಆ ನೀರು ಅಲುಗಿ, ತಲೆ ಯಾವ ಕಡೆ ಹೊರಳಿತು ಎಂದು ಮಿದುಳಿಗೆ ಹೇಳುತ್ತದೆ. ಗಂಟು-ಸ್ನಾಯುಗಳು ಎಳೆದಾಗ ಕೈ ಎಲ್ಲಿದೆ, ಕಾಲು ಎಲ್ಲಿದೆ ಎಂಬ ಸುದ್ದಿ ಹೋಗುತ್ತದೆ. ಚರ್ಮಕ್ಕೆ ಒರಟು, ನುಣುಪು, ತಣ್ಣಗೆ, ಬಿಸಿ ತಾಗಿದಷ್ಟೂ ಮೈಯ ನಕ್ಷೆ ಮಿದುಳಿನಲ್ಲಿ ಮೂಡುತ್ತದೆ. ಬಿದ್ದು, ಎದ್ದು, ಉರುಳಿ, ತೆವಳಿ, ಮಣ್ಣು ಬಾಯಿಗೆ ಹಾಕಿಕೊಂಡು ಮಗು ತನ್ನ ನಕ್ಷೆಯನ್ನು ತಾನೇ ಬರೆದುಕೊಳ್ಳಬೇಕು. ಮಾತು, ಯೋಚನೆ ಎಲ್ಲ ಆ ನಕ್ಷೆಯ ಮೇಲೆ ಕೂರುವಂಥವು. ನಾವು ನಕ್ಷೆಯೇ ಇಲ್ಲದ ಮಕ್ಕಳಿಗೆ ದಿನಕ್ಕೆ ಹದಿನೆಂಟು ಸಾವಿರ ಊರಿನ ಹೆಸರು ಬಾಯಿಪಾಠ ಮಾಡಿಸುತ್ತಿದ್ದೆವು.

ಆ ಸಂಜೆ ನಾನು ಮಾಡಿದ್ದು ಇನ್ನೂ ನಾಚಿಕೆಗೇಡು. ನೂರ ಹದಿನೇಳನ್ನು ಮಾತ್ರ ತೆರೆದು, ಸದಾ ಎಂಬುದನ್ನು ತೆಗೆದು ನಿದ್ದೆಯಲ್ಲಿ ಮಾತ್ರ ಎಂದು ಬದಲಾಯಿಸಿದೆ. ಒಂದು ತೊಟ್ಟಿಲಿನ ಗಂಟೆ ಹೊಡೆದರೆ ಯಾಕೆಂದು ಯಾರೂ ಕೇಳುವುದಿಲ್ಲ. ಮಿಕ್ಕ ಮುನ್ನೂರ ಮೂವತ್ತೊಂಬತ್ತನ್ನು ನೋಡಲಿಲ್ಲ ಎಂದಲ್ಲ. ನೋಡಿ, ಪರದೆ ಆರಿಸಿದೆ.

ಮಾರನೆಯ ದಿನದಿಂದ ನೂರ ಹದಿನೇಳರ ಗಂಟೆಗಾಗಿ ಕಾದೆ. ಹೊಡೆಯಲಿಲ್ಲ. ಒಂದು ವಾರ ಹೊಡೆಯಲಿಲ್ಲ, ಎರಡು ವಾರ ಹೊಡೆಯಲಿಲ್ಲ. ಬಾಗಿಲು ತೆಗೆದರೆ ಏನು ಬಂತು, ಒಳಗಿದ್ದವಳು ತಟ್ಟುವುದನ್ನೇ ಬಿಟ್ಟಿದ್ದಳು.

ಹೊಂಬಾಳಜ್ಜಿ ದಿನಾ ಬೆಳಗಿನ ಐದೂವರೆಗೆ ಬರತೊಡಗಿದಳು. ವ್ಯಾನ್ ಬರುವವರೆಗಿನ ಒಂದು ತಾಸು ಅವಳದು. ಎಣ್ಣೆ ತಿಕ್ಕುವಳು, ಕಣಕಾಲ ಮೇಲೆ ಬೋರಲು ಹಾಕಿ ಬೆನ್ನು ನೀವುವಳು, ಗೋಣಿತಾಟಿನ ಮೇಲೆ ಉರುಳಿಸುವಳು. ಮೊರದಲ್ಲಿ ರಾಗಿ ಹರಡಿ ಮಗುವಿನ ಅಂಗೈಯನ್ನು ಅದರಲ್ಲಿ ಹೂತಿಡುವಳು. ಕಂಕುಳಿಗೆ ಕೈ ಕೊಟ್ಟು ಅತ್ತ ಇತ್ತ ತೂಗುವಳು. ಲಾಚು ಇಡೀ ತಾಸು ಕಿರುಚುತ್ತಿದ್ದಳು. ಇಂಚರ ಕಿವಿ ಮುಚ್ಚಿಕೊಂಡು ಅಡುಗೆಮನೆಯಲ್ಲಿ ನಿಲ್ಲುತ್ತಿದ್ದಳು. ಒಂದು ದಿನ ತಡೆಯಲಾಗದೆ ಹೊರಗೆ ಬಂದಳು.

"ಸಾಕು ನಿಲ್ಸಜ್ಜಿ! ಅಷ್ಟು ಚೆನ್ನಾಗಿ ಮಲ್ಗಿರ್ತಿದ್ದ ಮಗೂನ ಯಾಕಿಂಗೆ ಗೋಳುಯ್ಕೋತೀರಾ ಇಬ್ರೂ?"

ಅಜ್ಜಿ ನನ್ನ ಮುಖ ನೋಡಿದಳು. ನಾನು ಹೇಳಬೇಕಾಯಿತು. ಚೌಕ, ಗುರುತು, ಹತ್ತೊಂಬತ್ತು ದಿನ ಎಲ್ಲವನ್ನೂ ಹೇಳಿದೆ. ನೂರ ಹದಿನೇಳನ್ನು ಸರಿಮಾಡಿದ್ದನ್ನೂ ಹೇಳಿದೆ, ಅದಕ್ಕಾದರೂ ಸ್ವಲ್ಪ ಕ್ಷಮೆ ಸಿಗಲಿ ಎಂದು.

ಇಂಚರ ಕೈಯಲ್ಲಿದ್ದ ಬಾಚಣಿಗೆಯನ್ನು ಕೆಳಗಿಟ್ಟಳು.

"ನಮ್ದೊಂದನ್ನಾ?" ಎಂದಳು.

"ಏನು?"

"ನಮ್ ಮಗೂದೊಂದನ್ನೇ ಸರಿಮಾಡಿದ್ಯಾ? ನನ್ ಪಕ್ಕದ ಮಿಷನ್ ಸುಚಿತ್ರನ ಮಗ ಈಗ ಐದು ತಿಂಗ್ಳು. ಅವ್ನು ಈ ವಾರ ಆ ಜೆಲ್ ಜೊತೆ ಕುಸ್ತಿ ಆಡ್ತಿರ್ತಾನೆ. ಅದು ನಿಂಗೆ ಪರದೇಲಿ ಕಾಣ್ತಿರ್ತದೆ. ನಾನು ಅವ್ಳ ಪಕ್ಕ ಕೂತ್ಕೊಂಡು ಕಾಲರ್ ಹೊಲೀಬೇಕು. ಏನಮ್ಮ ನೀನು?"

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ವ್ಯಾನಿನಲ್ಲಿ ಅವಳು ಹಿಂದಿನ ಸೀಟಿಗೆ ಹೋಗಿ ಕುಳಿತಳು. ಆ ದಿನದಿಂದ ನನ್ನ ಜೊತೆ ಬೇಕಾದಷ್ಟು ಮಾತು ಮಾತ್ರ. ಉಪ್ಪು ಕೊಡು, ಬಾಗಿಲು ಹಾಕು, ಇಷ್ಟೇ.

ಆ ಬೆಳಿಗ್ಗೆ ಒಂಬತ್ತು ಗಂಟೆಗೆ ಮುನ್ನೂರ ಮೂವತ್ತೊಂಬತ್ತು ತೊಟ್ಟಿಲುಗಳನ್ನೂ ಬದಲಾಯಿಸಿದೆ. ಒಂದೇ ಒಂದು ಗುರುತು ತೆಗೆದು ಪಕ್ಕದ ಚೌಕಕ್ಕೆ ಹಾಕುವ ಕೆಲಸ. ಅರ್ಧ ನಿಮಿಷವೂ ಹಿಡಿಯಲಿಲ್ಲ.

ಒಂಬತ್ತೂ ಹತ್ತಕ್ಕೆ ಮೊದಲ ಗಂಟೆ ಹೊಡೆಯಿತು. ಒಂಬತ್ತೂವರೆಗೆ ಹನ್ನೊಂದು. ನಾಲ್ಕೈದು ತಿಂಗಳ ಕೂಸುಗಳು, ಇನ್ನೂ ಆಸೆ ಬಿಡದವು, ಒಂದರ ಹಿಂದೊಂದು ಬೋರಲು ಬಿದ್ದವು. ಪರದೆ ಕೆಂಪಾಯಿತು. ಕೆಳಗೆ ತಾಯಂದಿರು ಮಿಷನ್ ಬಿಟ್ಟು ಓಡಿಬಂದರು, ಹನ್ನೆರಡು ಲೈನ್ ನಿಂತವು. ಇಂಚರ ಹೇಳಿದ್ದ ಆ ಸುಚಿತ್ರ ಬಾಯಿಗೆ ಕೈ ಹಿಡಿದು ತೊಟ್ಟಿಲಿನ ಮುಂದೆ ನಿಂತಿದ್ದಳು. ಅವಳ ಮಗ ಎರಡೂ ಕೈ ಊರಿ ತಲೆ ಎತ್ತಿ ಅವಳನ್ನೇ ನೋಡುತ್ತಿದ್ದ. ಅದನ್ನು ನಾನು ಗಾಜಿನಿಂದ ಕಂಡೆ.

ಮ್ಯಾನೇಜರ್ ಮೋಹಿತ್ ಬಂದಾಗ ಹತ್ತೂವರೆ. ನನ್ನ ಮಗಳ ವಯಸ್ಸಿನ ಹುಡುಗ, ಕೆಟ್ಟವನಲ್ಲ. ಬೆವತುಹೋಗಿದ್ದ.

"ಮೇಡಂ, ಏನಿದು? ಮೊದಲಿದ್ದ ಹಾಗೆ ಹಾಕಿ. ಈಗಲೇ."

"ಆಗಲ್ಲ ಸರ್."

"ಯಾಕಾಗಲ್ಲ? ಒಂದು ಗುರುತು ತಾನೆ?"

ನಾನು ಬರೆದಿಟ್ಟಿದ್ದ ಕಾಗದ ಅವನ ಕೈಗಿತ್ತೆ. ಮೂರು ವರ್ಷದ ಹಿಂದೆ, ಎಚ್ಚರವಿರುವ ಮಕ್ಕಳಿಗೆ ಹಾಕಬಾರದ ಗುರುತನ್ನು ಹಾಕಿದವಳು ನಾನೇ, ಮಕ್ಕಳ ಬೆಳವಣಿಗೆ ಅದರಿಂದ ನಿಂತಿದೆ, ಈ ದಿನ ಆ ತಪ್ಪನ್ನು ತಿದ್ದಿದ್ದೇನೆ ಎಂದು ಬರೆದು, ಜೊತೆಗೆ ಮುನ್ನೂರ ನಲವತ್ತೂ ಮಕ್ಕಳು ಮಗ್ಗುಲಾಗಲು ಯತ್ನಿಸಿದ ಲೆಕ್ಕವನ್ನು, ಸೊನ್ನೆಗಳ ಸಮೇತ, ಲಗತ್ತಿಸಿದ್ದೆ. ಒಂದು ಪ್ರತಿ ಕಾರ್ಖಾನೆಯ ಡಾಕ್ಟರಿಗೆ, ಒಂದು ಕೆಳಗೆ ತಾಯಂದಿರ ಊಟದ ಹಾಲಿನ ಗೋಡೆಗೆ ಆಗಲೇ ಹೋಗಿತ್ತು. ಮೂವತ್ತು ವರ್ಷ ಅರ್ಜಿ ತುಂಬಿದವಳು ನಾನು. ತಪ್ಪು ಎಂದು ಒಮ್ಮೆ ಸಹಿಯೊಡನೆ ಕಾಗದದ ಮೇಲೆ ಬಂದದ್ದನ್ನು ಮತ್ತೆ ಸರಿ ಎಂದು ಹಾಕಲು ಇನ್ನೊಬ್ಬರ ಸಹಿ ಬೇಕು. ಆ ಸಹಿ ಯಾರು ಹಾಕುತ್ತಾರೆ?

ಮೋಹಿತ್ ಎರಡು ಸಲ ಓದಿದ. "ನಿಮ್ಮ ಕುತ್ತಿಗೆಗೆ ನೀವೇ ಹಗ್ಗ ಹಾಕ್ಕೊಂಡ್ರಲ್ಲ ಮೇಡಂ," ಎಂದ.

"ಹೌದು ಸರ್," ಎಂದೆ.

ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಮಾತು ಬೆಳೆಯುತ್ತದೆ. ಕುರ್ಚಿಯಿಂದ ಎಬ್ಬಿಸಿ ಕೆಳಗೆ ಹಾಲಿಗೆ ಹಾಕಿದರು. ಗಂಟೆ ಹೊಡೆದ ತೊಟ್ಟಿಲಿಗೆ ನಡೆದುಹೋಗಿ, ಕಿತ್ತುಬಂದ ಪಟ್ಟಿಯನ್ನು ಮತ್ತೆ ಅಂಟಿಸುವುದು ಈಗ ನನ್ನ ಕೆಲಸ. ಮುನ್ನೂರ ನಲವತ್ತು ತೊಟ್ಟಿಲು, ಹದಿನೇಳು ಸಾಲು, ದಿನಕ್ಕೆ ನೂರ ಇಪ್ಪತ್ತು ಸಲ ಗಂಟೆ. ಪಟ್ಟಿಯ ಗಂಟೆಗೆ ತಾಯಂದಿರು ಮಿಷನ್ ಬಿಟ್ಟು ಬರಬೇಕಿಲ್ಲ ಎಂದು ನಿಯಮ ಮಾಡಿದರು. ಅವರ ಬ್ಯಾಂಡ್ ಒಮ್ಮೆ ಗುಂಯ್ಗುಟ್ಟಿ ಸುಮ್ಮನಾಗುತ್ತದೆ. ಡಾಕ್ಟರು ಬಂದು, ಮಧ್ಯಾಹ್ನ ಒಂದು ತಾಸು ಮಕ್ಕಳನ್ನು ಚಾಪೆಯ ಮೇಲೆ ಬಿಡಬೇಕೆಂದು ಬರೆದುಕೊಟ್ಟರು. ಚಾಪೆ ಬಂದಿದೆ. ಬಿಡಲು ಜನ ಇನ್ನೂ ಬಂದಿಲ್ಲ.

ಕಾಲೊನಿಯಲ್ಲಿ ಹೊಂಬಾಳಜ್ಜಿಗೆ ಆ ತಿಂಗಳೇ ಆರು ಮನೆಯ ಕಡುಬು ಬಂತು. ಮೊದಲನೆಯದು ಸುಚಿತ್ರಳದು. ಅಜ್ಜಿ ನಮ್ಮ ಮನೆಯ ಜಗಲಿಯಲ್ಲೇ ಕುಳಿತು ತಿನ್ನುವಳು, ನನಗೂ ಒಂದು ಮುರಿದುಕೊಡುವಳು. ದೊಡ್ಡ ಮಕ್ಕಳದ್ದೇ ಕಷ್ಟ. ಎಂಟು ತಿಂಗಳು ದಾಟಿದವುಗಳ ತೊಟ್ಟಿಲುಗಳು ಹಸಿರಾಗಿಯೇ ಇದ್ದವು. ಒಂದು ಕಾಲದಲ್ಲಿ ಆ ಬಣ್ಣಕ್ಕೆ ವಡೆ ತರಿಸುತ್ತಿದ್ದೆ. ಈಗ ಆ ತೊಟ್ಟಿಲುಗಳ ಮುಂದೆ ತಲೆ ತಗ್ಗಿಸಿಕೊಂಡು ಹಾದುಹೋಗುತ್ತಿದ್ದೆ.

ಲಾಚುಗೆ ವರ್ಷ ತುಂಬಿತು. ಹದಿಮೂರು ತಿಂಗಳಾಯಿತು. ಕಿರುಚುವುದು ಸ್ವಲ್ಪ ಕಡಿಮೆಯಾಗಿತ್ತು. ಒಂದು ಬೆಳಿಗ್ಗೆ ಅಜ್ಜಿ ಕಾಲ ಮೇಲೆ ನೀರು ಸುರಿದಾಗ ಅವಳ ಕಣ್ಣು ಗೋಡೆಗೆ ಹೋಯಿತು, ಬಾಗಿಲಿಗೆ ಹೋಯಿತು, ಆಮೇಲೆ ನಿಧಾನವಾಗಿ ತನ್ನದೇ ಪಾದಕ್ಕೆ ಬಂತು. ಬಹಳ ಹೊತ್ತು ನೋಡಿದಳು. ಏನೂ ಹೇಳಲಿಲ್ಲ. ಬಾಯಿಪಾಠದ ಮಾತುಗಳೆಲ್ಲ ಅವಳಿಂದ ಕಡಿಮೆಯಾಗುತ್ತಿದ್ದವು, ಅದಕ್ಕೂ ನನಗೆ ಭಯವಾಗುತ್ತಿತ್ತು.

"ಎದ್ರುಕೊಬ್ಯಾಡ. ಮೊದ್ಲಿಂದ ಸುರು ಮಾಡ್ತಾವ್ಳೆ," ಎಂದಳು ಅಜ್ಜಿ.

"ಆಯ್ತದಾ ಅಜ್ಜಿ? ಇಷ್ಟು ತಡ ಆದ್ಮೇಲೆ?"

"ನಂಗೇನ್ ಗೊತ್ತವ್ವ. ಇಂಥ ಕೂಸ್ನ ನಾನು ಈಗ್ಲೇ ನೋಡ್ತಿರೋದು." ಸುಳ್ಳು ಸಮಾಧಾನ ಹೇಳಲು ಅವಳಿಗೆ ಬರುತ್ತಿರಲಿಲ್ಲ.

ಅದು ಒಂದು ಗುರುವಾರ. ಊಟದ ಹೊತ್ತು ಮುಗಿದು ಅರ್ಧ ತಾಸಾಗಿತ್ತು. ಬೆಳಗಿನಿಂದ ಎಪ್ಪತ್ತು ಸಲ ಗಂಟೆ ಹೊಡೆದಲ್ಲಿಗೆ ನಡೆದಿದ್ದೆ. ಎರಡೂ ಮಂಡಿ ಊದಿ, ಹದಿನಾರನೆಯ ಸಾಲಿನ ಕೊನೆಯಲ್ಲಿ ಗೋಡೆಗೆ ಒರಗಿ ನಿಂತಿದ್ದೆ. ಮತ್ತೆ ಗಂಟೆ ಹೊಡೆಯಿತು. ಯಾವುದೆಂದು ನೋಡಲೂ ಬೇಸರ. ಕೈಯ ಪುಟ್ಟ ಪರದೆಯನ್ನು ಎತ್ತಿ ನೋಡಿದೆ. ನೂರ ಹದಿನೇಳು.

ಓಡಲು ನನ್ನ ಕಾಲು ಬಿಡಲಿಲ್ಲ. ತೊಟ್ಟಿಲುಗಳ ಅಂಚು ಹಿಡಿದುಕೊಂಡು ಹತ್ತು ಸಾಲು ದಾಟಿದೆ. ಸುಮ್ಮನೆ ಪಟ್ಟಿಯ ಅಂಟು ಒಣಗಿ ಬಿಟ್ಟಿರಬಹುದು, ಹಾಗೂ ಆಗುತ್ತದೆ, ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಲಾಚು ಬೋರಲು ಬಿದ್ದಿದ್ದಳು. ಎಡಗೈ ಮೈಯ ಕೆಳಗೆ ಸಿಕ್ಕಿಕೊಂಡಿತ್ತು. ಮುಖ ಕೆಂಪಾಗಿತ್ತು. ಬಾಯಿ ಸೊಟ್ಟ ಮಾಡಿ ಅಳಲು ಸಿದ್ಧವಾಗಿದ್ದಳು. ನನ್ನ ಎರಡೂ ಕೈ ತಾವಾಗಿಯೇ ಮುಂದೆ ಹೋದವು. ಅವಳನ್ನು ಹಿಡಿದು ಮೆಲ್ಲಗೆ ಅಂಗಾತ ಮಾಡಲು. ಮೂರು ವರ್ಷ ಜೆಲ್ ಮಾಡಿದ್ದೂ ಅದನ್ನೇ, ನನ್ನ ಹೆಸರಿನಲ್ಲಿ. ಕೈ ಹಿಂದಕ್ಕೆ ಎಳೆದುಕೊಂಡು ಸೆರಗಿನಲ್ಲಿ ಸುತ್ತಿಕೊಂಡೆ.

ಲಾಚು ಒದ್ದಾಡಿದಳು. ಸಿಕ್ಕಿಕೊಂಡ ಕೈಯನ್ನು ಎಳೆದಳು, ಬರಲಿಲ್ಲ. ತಿರುಗಿ ಆ ಕೈಯನ್ನು ನೋಡಿದಳು. ಗೋಡೆಯನ್ನಲ್ಲ, ಸ್ಪೀಕರನ್ನಲ್ಲ, ಕೈಯನ್ನು. ಇನ್ನೊಮ್ಮೆ ಎಳೆದಳು, ಬಂತು. ಎರಡೂ ಅಂಗೈ ಊರಿ, ಗಡಗಡ ನಡುಗುತ್ತ ತಲೆ ಎತ್ತಿದಳು. ಸ್ಪೀಕರ್ ಅವಳ ಅಮ್ಮನ ಧ್ವನಿಯಲ್ಲಿ ಸೂರ್ಯ, ಚಂದ್ರ, ನಕ್ಷತ್ರ ಎಂದು ಹೇಳುತ್ತಲೇ ಇತ್ತು. ಅವಳಿಗೆ ಕೇಳಿಸಿದಂತೆ ಕಾಣಲಿಲ್ಲ. ತೊಟ್ಟಿಲಿನ ಅಂಚಿನ ಮೇಲಿಂದ ನನ್ನನ್ನೇ ನೋಡುತ್ತಿದ್ದಳು.

ನಾನು ನೆಲದ ಮೇಲೆ ಕುಳಿತುಬಿಟ್ಟೆ, ಅವಳ ಮುಖಕ್ಕೆ ಸರಿಯಾಗಿ. ಗಂಟೆ ಹೊಡೆಯುತ್ತಲೇ ಇತ್ತು. ಪಟ್ಟಿ ಅಂಟಿಸಲು ನನಗೇನೂ ಅವಸರವಿರಲಿಲ್ಲ.

ಹಾಲಿನ ಬಾಗಿಲು ದಡಾರನೆ ತೆರೆಯಿತು. ಬರಬೇಕಿಲ್ಲ ಎಂಬ ನಿಯಮವಿದ್ದರೂ ಇಂಚರ ಬಂದಿದ್ದಳು, ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು, ಉಸಿರು ಸಿಗುತ್ತಿರಲಿಲ್ಲ. ನಾನು ನೆಲದ ಮೇಲೆ ಬಿದ್ದುಕೊಂಡಂತೆ ಕುಳಿತಿದ್ದು ಕಂಡು ಅವಳ ಮುಖ ಬಿಳಿಚಿತು.

"ಏನಾಯ್ತಮ್ಮ? ಅಮ್ಮ, ಏನಾಯ್ತು ಹೇಳು!"

ನಲವತ್ತು ದಿನದ ಮೇಲೆ ಅವಳು ನನ್ನನ್ನು ಅಮ್ಮ ಎಂದಿದ್ದಳು. ತೊಟ್ಟಿಲಿನ ಕಡೆ ಕೈ ತೋರಿಸಿದೆ.

"ಸಂಜೆ ಬೇಗ ಹೋಗ್ಬೇಕು ಕಣೇ," ಎಂದೆ. "ಅಕ್ಕಿ ನೆನೆಹಾಕ್ಬೇಕು."